ಹೆಬ್ಬೆಟ್ಟು ಬಿದ್ದರೆ ದುಡ್ಡು

ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಹಳ್ಳಿಯ ವಯಸ್ಸಾದವರ ಪಾಲಿಗೆ ಸರ್ಕಾರ ಎಂದರೆ ಪೋಸ್ಟ್‌ಮನ್. ತಹಶೀಲ್ದಾರರ ಮುಖ ನೋಡಿದವರು ಕಡಿಮೆ, ಖಜಾನೆ ಯಾವ ಬೀದಿಯಲ್ಲಿದೆ ಎಂದು ಬಲ್ಲವರು ಇನ್ನೂ ಕಡಿಮೆ. ಸೈಕಲ್ ಬಂದು ಜಗಲಿಗೆ ಒರಗಿದರೆ ತಿಂಗಳ ದುಡ್ಡು ಬಂತೆಂದೇ ಲೆಕ್ಕ. ಆತ ಚೀಲದಿಂದ ಫಾರಂ ತೆಗೆದು, ಇಂಕ್ ಪ್ಯಾಡಿನ ಮೇಲೆ ಅಜ್ಜಿಯ ಎಡಗೈ ಹೆಬ್ಬೆರಳನ್ನು ಉರುಳಿಸಿ, ಫಾರಮಿನ ಮೇಲೆ ಒತ್ತಿಸುತ್ತಿದ್ದ. ಹೆಬ್ಬೆಟ್ಟಿನ ಪಕ್ಕ ಓದುಬರಹ ಬಲ್ಲವರೊಬ್ಬರ ಸಾಕ್ಷಿ ಸಹಿ ಬೇಕು. ಅದಕ್ಕೆ ಪಕ್ಕದ ಮನೆಯ ಮೇಷ್ಟರೋ, ಅಂಗಡಿ ಶೆಟ್ಟರೋ ಸಿಗುತ್ತಿದ್ದರು. ಆಮೇಲೆ ನೋಟು ಎಣಿಸಿ ಕೈಗಿಟ್ಟು, ಕೂಪನ್ ಹರಿದು ಕೊಡುತ್ತಿದ್ದ. ಬಹಳ ಊರುಗಳಲ್ಲಿ ಎಣಿಕೆಯ ನಡುವೆಯೇ ಐದೋ ಹತ್ತೋ ‘ಕಾಫಿಗೆ’ ಅಂತ ಉಳಿದುಹೋಗುತ್ತಿತ್ತು. ಕೊಡಲ್ಲ ಎಂದವರಿಗೆ ಮುಂದಿನ ತಿಂಗಳು ‘ಇನ್ನೂ ಬಂದಿಲ್ಲ ಕಣಜ್ಜಿ’ ಎಂಬ ಉತ್ತರ. ಹಾಗೆಂದು ಎಲ್ಲ ಪೋಸ್ಟ್‌ಮನ್‌ಗಳೂ ಹಾಗಿದ್ದರೆಂದಲ್ಲ. ಹಾಸಿಗೆ ಹಿಡಿದವರ ಮಂಚದ ಪಕ್ಕ ಕೂತು ದುಡ್ಡು ಕೊಟ್ಟು, ಮಾತಾಡಿಸಿ ಹೋಗುತ್ತಿದ್ದವರೂ ಅವರೇ.

ಈ ಏರ್ಪಾಟು ಬ್ರಿಟಿಷರ ಕಾಲದ್ದು. ಅದಕ್ಕೆ ಮೊದಲು ಖಜಾನೆಗಳ ಕೈಯಲ್ಲಿದ್ದ ಮನಿಯಾರ್ಡರ್ ಕೆಲಸವನ್ನು 1880ರ ಜನವರಿ 1ರಂದು ಅಂಚೆ ಇಲಾಖೆ ವಹಿಸಿಕೊಂಡಿತು. ಸಾಮಾನ್ಯ ದರ ನೂರು ರೂಪಾಯಿಗೆ ಒಂದು ರೂಪಾಯಿ ಕಮಿಷನ್. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ಕರಾವಳಿಯ ಹುಡುಗರು ಮನೆಗೆ ಹಣ ಕಳಿಸಿದ್ದು ಇದೇ ದಾರಿಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಬಡವರಿಗೆ ಕೈಖರ್ಚು ಕೊಡತೊಡಗಿದಾಗ, ಪ್ರತಿ ಹಳ್ಳಿಯ ಬಾಗಿಲು ತಟ್ಟಬಲ್ಲ ಇಲಾಖೆ ಅಂಚೆಯೊಂದೇ ಆಗಿತ್ತು. 1995ರ ಆಗಸ್ಟ್ 15ರಂದು ನರಸಿಂಹ ರಾವ್ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ತಂದಿತು. 65 ದಾಟಿದ ನಿರ್ಗತಿಕರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಕರ್ನಾಟಕದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ ಶುರುವಾದಾಗ 400 ರೂಪಾಯಿ. ವಿಧವಾ ವೇತನ, ಅಂಗವಿಕಲ ವೇತನಗಳೂ ಜೊತೆಗಿದ್ದವು. ಪಟ್ಟಿ ನಾಡಕಚೇರಿಯಲ್ಲಿ, ಹಣ ಖಜಾನೆಯಲ್ಲಿ, ಹಂಚಿಕೆ ಅಂಚೆಯಲ್ಲಿ. ಮೂರು ಕಚೇರಿಗಳ ನಡುವೆ ಎಲ್ಲಿ ಸೋರಿತು ಎಂದು ಹುಡುಕುವುದು ಕಷ್ಟವೇ ಸರಿ. ಸತ್ತವರ ಹೆಸರಿನಲ್ಲಿ ವರ್ಷಗಟ್ಟಲೆ ಪಿಂಚಣಿ ಹೋಗುತ್ತಿತ್ತು, ಬದುಕಿದ್ದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿರುತ್ತಿತ್ತು.

ಸೋರಿಕೆಯ ಬಗ್ಗೆ ದೊಡ್ಡವರೇ ಬಾಯಿಬಿಟ್ಟು ಹೇಳಿದ್ದು 1985ರಲ್ಲಿ. ಬಡವರಿಗೆಂದು ಕಳಿಸಿದ ಒಂದು ರೂಪಾಯಿಯಲ್ಲಿ ಅವರ ಕೈಸೇರುವುದು ಹದಿನೈದು ಪೈಸೆ ಎಂದು ಪ್ರಧಾನಿ ರಾಜೀವ್ ಗಾಂಧಿ ಹೇಳಿದರು. ಆ ಹದಿನೈದು ಪೈಸೆ ಯಾವ ಲೆಕ್ಕದಿಂದ ಬಂತೆಂದು ಯಾರೂ ಹೆಚ್ಚು ಕೇಳಲಿಲ್ಲ. ಉಳಿದ ಎಂಬತ್ತೈದು ಪೈಸೆಯಲ್ಲಿ ಕಳವೆಷ್ಟು, ಕಚೇರಿಯ ಸಂಬಳ ಸಾರಿಗೆ ಎಷ್ಟು ಎಂದೂ ಯಾರೂ ಬಿಡಿಸಿ ನೋಡಲಿಲ್ಲ. ಆದರೂ ಮುಂದಿನ ಮೂವತ್ತು ವರ್ಷ ಎಲ್ಲ ಪಕ್ಷಗಳ ಭಾಷಣಕ್ಕೂ ಅದು ಒದಗಿಬಂತು. ಮಧ್ಯವರ್ತಿಯನ್ನು ತೆಗೆದುಹಾಕಿ ದುಡ್ಡನ್ನು ನೇರ ಕೊಡಬೇಕು ಎಂಬ ವಾದದ ಬೇರು ಅಲ್ಲಿದೆ.

ಆದರೆ ನೇರ ಎಂದರೆ ಎಲ್ಲಿಗೆ? ಬಡವರಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. 2005ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಕನಿಷ್ಠ ಠೇವಣಿ ಬೇಡದ ಸರಳ ಖಾತೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. 2006ರ ಜನವರಿಯಲ್ಲಿ ಇನ್ನೊಂದು ಸುತ್ತೋಲೆ ಹೊರಡಿಸಿ, ಶಾಖೆ ಇಲ್ಲದ ಊರಿನಲ್ಲಿ ಬ್ಯಾಂಕಿನ ಪರವಾಗಿ ವ್ಯವಹಾರ ಮಾಡುವ ಪ್ರತಿನಿಧಿಗಳನ್ನು ನೇಮಿಸಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಇಂದು ನಮ್ಮ ಹಳ್ಳಿಗಳಲ್ಲಿ ‘ಬಿಸಿ’ ಎಂದೋ ‘ಬ್ಯಾಂಕ್ ಮಿತ್ರ’ ಎಂದೋ ಕರೆಸಿಕೊಳ್ಳುವವರ ಹುಟ್ಟು ಈ ಸುತ್ತೋಲೆಯಲ್ಲಿ. ಆ ಕಾಗದಕ್ಕೆ ಆಗ ಯಾವ ಪತ್ರಿಕೆಯೂ ಮುಖಪುಟ ಕೊಟ್ಟಿರಲಾರದು. ಮುಂದೆ ಕೋಟ್ಯಂತರ ಜನರ ದುಡ್ಡು ಕೈಸೇರುವ ಕೊನೆಯ ಮಾರು ಅದರ ಮೇಲೆಯೇ ನಿಂತಿತು.

ಅದೇ 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಜಾರಿಗೆ ಬಂತು. ಮೊದಲೆರಡು ವರ್ಷ ಕೂಲಿ ಬಟವಾಡೆ ನಗದಿನಲ್ಲಿ. ಹಾಜರಿ ಬರೆಯುವವರೂ ದುಡ್ಡು ಕೊಡುವವರೂ ಒಂದೇ ಪಂಚಾಯಿತಿಯವರಾದ್ದರಿಂದ ಮಸ್ಟರ್ ರೋಲಿನಲ್ಲಿ ಊರಲ್ಲಿಲ್ಲದವರೂ ಮಣ್ಣು ಹೊತ್ತರು. 2008ರಲ್ಲಿ ಕೇಂದ್ರ ಸರ್ಕಾರ ಕೂಲಿಯನ್ನು ಬ್ಯಾಂಕ್ ಇಲ್ಲವೇ ಅಂಚೆ ಖಾತೆಗೇ ಹಾಕಬೇಕೆಂದು ಆಜ್ಞೆ ಮಾಡಿತು. ಕೆಲಸ ಮಾಡಿಸುವ ಕೈ ಬೇರೆ, ಹಣ ಕೊಡುವ ಕೈ ಬೇರೆ ಎಂಬ ಈ ಬೇರ್ಪಡಿಕೆಯೇ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ದೊಡ್ಡ ಸುಧಾರಣೆ. ಅದಕ್ಕೆ ಕಂಪ್ಯೂಟರೂ ಬೇಕಿರಲಿಲ್ಲ, ಬೆರಳಚ್ಚೂ ಬೇಕಿರಲಿಲ್ಲ.

ಯಂತ್ರ ಬಂದದ್ದು ಪಕ್ಕದ ಆಂಧ್ರದಲ್ಲಿ. ಅಲ್ಲಿನ ಸರ್ಕಾರ ಪಿಂಚಣಿ ಮತ್ತು ಕೂಲಿಗೆ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಕೊಟ್ಟು, ಊರಲ್ಲೇ ಹಣ ಬಟವಾಡೆ ಮಾಡಿಸಿತು. ಕಾರ್ತಿಕ್ ಮುರಳೀಧರನ್, ಪಾಲ್ ನಿಹೌಸ್, ಸಂದೀಪ್ ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು 157 ಮಂಡಲಗಳಲ್ಲಿ ಇದನ್ನು ಅಳೆದು ನೋಡಿದರು. ಹಣ ಬೇಗ ಬಂತು, ಕಾಯುವುದು ತಪ್ಪಿತು, ಸೋರಿಕೆ ಇಳಿಯಿತು. ದೆಹಲಿಯಲ್ಲಿ ಈ ಫಲಿತಾಂಶವನ್ನು ಬಹಳ ಉಲ್ಲೇಖಿಸಿದರು. ಆದರೆ ಆಂಧ್ರದಲ್ಲಿ ಕಾರ್ಡ್ ಸಿಗದವರಿಗೂ ಹಳೆಯ ಕ್ರಮದಲ್ಲಿ ದುಡ್ಡು ಕೊಡುವುದನ್ನು ಸರ್ಕಾರ ನಿಲ್ಲಿಸಿರಲಿಲ್ಲ. ಮುಂದೆ ಇದೇ ಸಂಶೋಧಕರು ಜಾರ್ಖಂಡಿನಲ್ಲಿ ಪಡಿತರಕ್ಕೆ ಬೆರಳಚ್ಚು ಕಡ್ಡಾಯ ಮಾಡಿದ್ದನ್ನು ಅಭ್ಯಾಸ ಮಾಡಿದಾಗ ಕಂಡದ್ದೇ ಬೇರೆ: ಅಲ್ಲಿ ನಿಜವಾದ ಫಲಾನುಭವಿಗಳೇ ಹೊರಗುಳಿದರು. ಯಂತ್ರ ಹೆಚ್ಚುಕಮ್ಮಿ ಒಂದೇ ಬಗೆಯದು, ಅದನ್ನು ಬಳಸುವ ನಿಯಮ ಬೇರೆ. ಈ ವ್ಯತ್ಯಾಸವನ್ನು ಮನಸ್ಸಿಟ್ಟು ಓದಿದ್ದರೆ ಮುಂದಿನ ಹತ್ತು ವರ್ಷದ ಎಷ್ಟೋ ಗೋಳು ತಪ್ಪುತ್ತಿತ್ತು.

ಇಷ್ಟರಲ್ಲಿ ಬೆಂಗಳೂರಿನ ನಂದನ್ ನಿಲೇಕಣಿ ಇನ್ಫೊಸಿಸ್ ಬಿಟ್ಟು ದೆಹಲಿಗೆ ಹೋಗಿದ್ದರು. 2009ರಲ್ಲಿ ಆಧಾರ್ ಪ್ರಾಧಿಕಾರ ಆಯಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಟೆಂಭ್ಲಿ ಎಂಬ ಆದಿವಾಸಿ ಹಳ್ಳಿಯಲ್ಲಿ ಮನಮೋಹನ್ ಸಿಂಗ್ ಮತ್ತು ಸೋನಿಯಾ ಗಾಂಧಿ ಮೊದಲ ಸಂಖ್ಯೆಗಳನ್ನು ಹಂಚಿದರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದು ಸಹಿ ಕಲಿತ ತಾಯಂದಿರಿದ್ದರಲ್ಲ, ‘ನಾನು ಹೆಬ್ಬೆಟ್ಟಲ್ಲ’ ಎಂದು ಹೆಮ್ಮೆಪಟ್ಟವರು, ಅವರು ಮತ್ತೆ ಹೆಬ್ಬೆಟ್ಟು ಒತ್ತುವ ಕಾಲ ಬಂತು. ಈ ಸಲ ಎಂ.ಎ. ಓದಿದವರೂ ಅವರ ಹಿಂದೆಯೇ ಸಾಲಿನಲ್ಲಿ ನಿಂತರು.

ಮೊದಲ ಪ್ರಯೋಗಗಳಲ್ಲಿ ಒಂದನ್ನು ಸ್ವಲ್ಪ ನಿಂತು ನೋಡಬೇಕು. 2011ರ ಡಿಸೆಂಬರಿನಲ್ಲಿ ರಾಜಸ್ಥಾನದ ಅಲ್ವರ್ ಜಿಲ್ಲೆಯ ಕೋಟ್‌ಕಾಸಿಂನಲ್ಲಿ ಸೀಮೆಎಣ್ಣೆಯ ಸಬ್ಸಿಡಿಯನ್ನು ಖಾತೆಗೆ ಹಾಕುವ ಯೋಜನೆ ಶುರುವಾಯಿತು. ಅಲ್ಲಿಯವರೆಗೆ ಲೀಟರಿಗೆ ಹದಿನೈದು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿದ್ದ ಎಣ್ಣೆಯನ್ನು ಜನ ಮಾರುಕಟ್ಟೆ ದರ ಕೊಟ್ಟು, ಎಂದರೆ ಹೆಚ್ಚುಕಡಿಮೆ ಮೂರು ಪಟ್ಟು ಕೊಟ್ಟು ಕೊಳ್ಳಬೇಕು. ವ್ಯತ್ಯಾಸದ ಹಣ ಆಮೇಲೆ ಖಾತೆಗೆ ಬರುತ್ತದೆ. ಕೆಲವೇ ತಿಂಗಳಲ್ಲಿ ಮಾರಾಟ ಪಾತಾಳಕ್ಕಿಳಿಯಿತು. ಅಧಿಕಾರಿಗಳು ಕಳ್ಳಸಂತೆ ನಿಂತಿತೆಂದು ಬೀಗಿದರು. ಪತ್ರಕರ್ತರು, ಸಂಶೋಧಕರು ಹೋಗಿ ನೋಡಿದರೆ ಬಹಳ ಮನೆಗಳಿಗೆ ಖಾತೆಯೇ ಇಲ್ಲ. ಇದ್ದವರಿಗೆ ಸಬ್ಸಿಡಿ ತಿಂಗಳುಗಟ್ಟಲೆ ಬಂದಿಲ್ಲ. ಬ್ಯಾಂಕು ಮೈಲಿಗಟ್ಟಲೆ ದೂರ. ಕಳ್ಳಸಂತೆಯ ಒಂದು ಪಾಲು ನಿಂತಿದ್ದು ನಿಜವಿರಬಹುದು. ಅದರ ಜೊತೆಗೆ ಬಡವರ ಒಲೆ, ದೀಪಗಳೂ ನಿಂತಿದ್ದವು. ಎರಡೂ ಸರ್ಕಾರದ ಲೆಕ್ಕದಲ್ಲಿ ‘ಉಳಿತಾಯ’ದ ಕಾಲಮ್ಮಿಗೇ ಸೇರಿದವು.

2013ರ ಜನವರಿ 1ರಂದು ನೇರ ನಗದು ವರ್ಗಾವಣೆ, ಈಗ ಎಲ್ಲರ ಬಾಯಲ್ಲಿರುವ ಡಿಬಿಟಿ, ಅಧಿಕೃತವಾಗಿ ಆರಂಭವಾಯಿತು. ವಿದ್ಯಾರ್ಥಿವೇತನ, ಹೆರಿಗೆ ಸಹಾಯಧನದಂಥ ಸಣ್ಣ ಯೋಜನೆಗಳಿಂದ ಶುರು. ಮೊದಲ ಹಂತಕ್ಕೆ ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಮೈಸೂರು, ತುಮಕೂರು, ಧಾರವಾಡ ಇದ್ದವು. ಕಾಕತಾಳೀಯವೆಂಬಂತೆ ಅದೇ ವರ್ಷದ ಮಾರ್ಚ್ 1ಕ್ಕೆ ಅಮೆರಿಕ ಸರ್ಕಾರವೂ ಸಾಮಾಜಿಕ ಭದ್ರತೆಯ ಕಾಗದದ ಚೆಕ್ಕುಗಳಿಗೆ ಗಡುವು ಕೊಟ್ಟಿತ್ತು. 1940ರ ಜನವರಿಯಲ್ಲಿ ಐಡಾ ಮೇ ಫುಲ್ಲರ್ ಎಂಬ ವೃದ್ಧೆಗೆ 22 ಡಾಲರ್ 54 ಸೆಂಟಿನ ಮೊದಲ ಮಾಸಿಕ ಚೆಕ್ಕು ಹೋದಲ್ಲಿಂದ ನಡೆದುಬಂದ ಪದ್ಧತಿ ಅದು. ಖಾತೆ ಇಲ್ಲದವರಿಗೆ ಅಲ್ಲಿ ಡೈರೆಕ್ಟ್ ಎಕ್ಸ್‌ಪ್ರೆಸ್ ಎಂಬ ಕಾರ್ಡ್ ಕೊಟ್ಟರು. ಬಹಳ ವಯಸ್ಸಾದವರಿಗೆ, ಕಾರ್ಡ್ ಬಳಸಲಾಗದವರಿಗೆ ಚೆಕ್ಕನ್ನೇ ಮುಂದುವರಿಸುವ ವಿನಾಯಿತಿಯನ್ನೂ ಇಟ್ಟರು. ನಮ್ಮಲ್ಲಿ ಖಾತೆ ಇಲ್ಲದವರ ಸಂಖ್ಯೆ ಕೋಟಿಗಳಲ್ಲಿತ್ತು. ವಿನಾಯಿತಿಯ ಮಾತು ಕಾಗದದ ಮೇಲಿದ್ದರೂ ಕೌಂಟರಿನ ಮುಂದೆ ಅದು ನಡೆಯುತ್ತಿರಲಿಲ್ಲ.

ಮಧ್ಯಮ ವರ್ಗಕ್ಕೆ ಡಿಬಿಟಿಯ ಬಿಸಿ ತಟ್ಟಿದ್ದು ಗ್ಯಾಸ್ ಸಿಲಿಂಡರಿನಿಂದ. ಇದಕ್ಕೆ ಕರ್ನಾಟಕದಲ್ಲಿ ಒಂದು ಪೀಠಿಕೆ ಇತ್ತು: 2011ರ ಸುಮಾರಿಗೆ ರಾಜ್ಯದ ಆಹಾರ ಇಲಾಖೆ ಬೋಗಸ್ ಗ್ಯಾಸ್ ಸಂಪರ್ಕಗಳನ್ನು ಹಿಡಿಯಲು ಮನೆಯ ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಕೇಳಿತ್ತು. ಒಂದು ಮೀಟರಿಗೆ ನಾಲ್ಕು ಸಿಲಿಂಡರ್ ಹೇಗೆ ಬಂತು ಎಂಬ ಸರಳ ಪ್ರಶ್ನೆಗೆ ಎಷ್ಟೋ ಸಂಪರ್ಕಗಳ ಬಂಡವಾಳ ಬಯಲಾಯಿತು. ಬೆರಳಚ್ಚಿಲ್ಲದೆಯೂ ಬೋಗಸ್ ಹಿಡಿಯಬಹುದೆಂದು ತೋರಿಸಿದ ಈ ಜಾಣತನವನ್ನು ನಾವು ಬೇಗ ಮರೆತೆವು. 2013ರ ಜೂನ್ 1ರಂದು ತುಮಕೂರು ಸೇರಿದಂತೆ ಆಯ್ದ ಜಿಲ್ಲೆಗಳಲ್ಲಿ ಗ್ಯಾಸ್ ಸಬ್ಸಿಡಿ ಖಾತೆಗೆ ಹೋಗತೊಡಗಿತು. ಉಪಚುನಾವಣೆಯ ಕಾರಣ ಮೈಸೂರಿನಲ್ಲಿ ಒಂದು ತಿಂಗಳು ತಡ. ಸಿಲಿಂಡರಿಗೆ ಪೂರ್ತಿ ದರ ಕೊಡಬೇಕು, ಸಬ್ಸಿಡಿ ಹಿಂದೆ ಬರುತ್ತದೆ. 2014ರ ಜನವರಿಯಲ್ಲಿ ದೆಹಲಿಯಲ್ಲಿ ಪೂರ್ತಿ ದರ 1,200 ರೂಪಾಯಿ ದಾಟಿತ್ತು, ಲೋಕಸಭಾ ಚುನಾವಣೆ ಬಾಗಿಲಲ್ಲಿತ್ತು. ಮನಮೋಹನ್ ಸಿಂಗ್ ಸಂಪುಟ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿ, ಸಬ್ಸಿಡಿ ಸಿಲಿಂಡರನ್ನು ವರ್ಷಕ್ಕೆ 9ರಿಂದ 12ಕ್ಕೆ ಏರಿಸಿತು. ಚುನಾವಣೆ ಹೇಗೂ ಸೋತರು. ಹೊಸ ಸರ್ಕಾರ ಅದೇ ಯೋಜನೆಗೆ ಪಹಲ್ ಎಂದು ಹೆಸರಿಟ್ಟು, ಆಧಾರ್ ಇಲ್ಲದವರಿಗೂ ಖಾತೆಯ ಮೂಲಕ ದಾರಿ ಬಿಟ್ಟು, 2014ರ ನವೆಂಬರ್ 15ರಂದು 54 ಜಿಲ್ಲೆಗಳಲ್ಲಿ, 2015ರ ಜನವರಿ 1ರಿಂದ ದೇಶದಾದ್ಯಂತ ನಡೆಸಿತು. ಮಗು ಕಾಂಗ್ರೆಸ್ಸಿನದು, ನಾಮಕರಣ ಬಿಜೆಪಿಯದು ಎಂದು ಇಬ್ಬರೂ ಈಗಲೂ ಜಗಳವಾಡುತ್ತಾರೆ, ಆಡಲಿ.

ಉಳಿತಾಯದ ಲೆಕ್ಕ ಇಲ್ಲೂ ಎದ್ದಿತು. ಗ್ಯಾಸ್ ಸಬ್ಸಿಡಿಯ ವೆಚ್ಚ ಒಂದು ವರ್ಷದಲ್ಲಿ 23 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಇಳಿದಾಗ ಎಲ್ಲವೂ ಪಹಲ್‌ನ ಪವಾಡ ಎಂಬ ಪ್ರಚಾರ ನಡೆಯಿತು. 2016ರಲ್ಲಿ ಮಹಾಲೇಖಪಾಲರು ಅದನ್ನು ಬಿಡಿಸಿ ನೋಡಿದರು. 21,552 ಕೋಟಿ ಇಳಿದದ್ದು ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಲೆ ಬಿದ್ದುದರಿಂದ. ಸಬ್ಸಿಡಿ ಸಿಲಿಂಡರ್ ಎತ್ತುವವರು ಕಡಿಮೆಯಾದುದರಿಂದ ಉಳಿದದ್ದು 1,764 ಕೋಟಿ. ಅದೂ ಸಣ್ಣ ಮೊತ್ತವಲ್ಲ, ನಿಜ. 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವರದಿಯೊಂದು ಡಿಬಿಟಿಯಿಂದ ಒಟ್ಟು 3.48 ಲಕ್ಷ ಕೋಟಿ ಉಳಿದಿದೆ ಎನ್ನುತ್ತದೆ. ಮಹಾಲೇಖಪಾಲರ ಆ ಪುಟ ಓದಿದವರು ಇಂಥ ದೊಡ್ಡ ಅಂಕಿಯನ್ನು ಸ್ವಲ್ಪ ಉಪ್ಪು ಹುಳಿ ನೋಡಿಯೇ ನಂಬುತ್ತಾರೆ.

ಗ್ಯಾಸಿನ ಕಥೆಯ ಕೊನೆಯ ಅಧ್ಯಾಯ ಸದ್ದಿಲ್ಲದೆ ಮುಗಿಯಿತು. 2020ರ ಮೇ ತಿಂಗಳಿನಿಂದಾಚೆಗೆ ಬಹುಪಾಲು ಗ್ರಾಹಕರ ಖಾತೆಗೆ ಸಬ್ಸಿಡಿ ಬರುವುದೇ ನಿಂತಿತು. ಹಿಂದೆ ಸಿಲಿಂಡರಿಗೆ ಐವತ್ತು ರೂಪಾಯಿ ಏರಿಸಿದರೆ ಖಾಲಿ ಸಿಲಿಂಡರ್ ರಸ್ತೆಗಿಟ್ಟು ಧರಣಿ ಕೂರುತ್ತಿದ್ದ ದೇಶದಲ್ಲಿ, ಸಬ್ಸಿಡಿಯೇ ಸೊನ್ನೆಯಾದದ್ದು ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಅಂಗಡಿಯ ಬೆಲೆ ಏರಿದರೆ ಕಣ್ಣಿಗೆ ಕಾಣುತ್ತದೆ. ಮೊಬೈಲಿಗೆ ಬಾರದ ಮೆಸೇಜನ್ನು ಯಾರು ಗಮನಿಸುತ್ತಾರೆ?

ಇತ್ತ ಖಾತೆಗಳ ಕೊರತೆ ನೀಗಿದ್ದು ಜನಧನದಿಂದ. 2014ರ ಆಗಸ್ಟ್ 28ರಂದು ಒಂದೇ ದಿನ ಒಂದೂವರೆ ಕೋಟಿ ಖಾತೆ ತೆರೆದರು. ಈಗ ಐವತ್ತು ಕೋಟಿ ದಾಟಿದೆ. ಆರಂಭದಲ್ಲಿ ಬಹುಪಾಲು ಖಾಲಿ. ಸೊನ್ನೆ ಖಾತೆಗಳ ಸಂಖ್ಯೆ ಕಡಿಮೆ ತೋರಿಸಲು ಕೆಲವು ಬ್ಯಾಂಕ್ ಸಿಬ್ಬಂದಿ ತಮ್ಮ ಜೇಬಿನಿಂದ ಒಂದೊಂದು ರೂಪಾಯಿ ಹಾಕಿದ್ದು 2016ರಲ್ಲಿ ಪತ್ರಿಕೆಯಲ್ಲಿ ಬಂದು ನಗೆಪಾಟಲಾಯಿತು. ಏನೇ ನಕ್ಕರೂ, 2020ರ ಲಾಕ್‌ಡೌನಿನಲ್ಲಿ ಆ ಖಾತೆಗಳೇ ಕೆಲಸಕ್ಕೆ ಬಂದವು. ಏಪ್ರಿಲ್‌ನಿಂದ ಜೂನ್‌ವರೆಗೆ ಸುಮಾರು 20 ಕೋಟಿ ಹೆಣ್ಣುಮಕ್ಕಳ ಜನಧನ ಖಾತೆಗೆ ತಿಂಗಳಿಗೆ 500 ರೂಪಾಯಿ ಬಿತ್ತು. ಗುಂಪು ಸೇರದಿರಲೆಂದು ಖಾತೆ ಸಂಖ್ಯೆಯ ಕೊನೆಯ ಅಂಕಿಯ ಮೇಲೆ ದಿನ ನಿಗದಿಯಾಯಿತು: ಏಪ್ರಿಲ್ 3ಕ್ಕೆ 0 ಮತ್ತು 1, ಮರುದಿನ 2 ಮತ್ತು 3, ಹೀಗೆ. ಊರೂರಿನ ಬ್ಯಾಂಕುಗಳ ಮುಂದೆ ಸುಣ್ಣದ ವೃತ್ತಗಳಲ್ಲಿ ಪಾಸ್‌ಬುಕ್ ಹಿಡಿದು ನಿಂತ ಹೆಂಗಸರ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ಮನಿಯಾರ್ಡರಿನ ಕಾಲವಾಗಿದ್ದರೆ ಅಷ್ಟು ಬೇಗ ಅಷ್ಟು ಜನಕ್ಕೆ ಹಣ ತಲುಪಿಸಲು ಸಾಧ್ಯವೇ ಇರಲಿಲ್ಲ. ವಿದ್ಯುನ್ಮಾನ ಪಾವತಿಯನ್ನು ಹಳಿಯುವವರು ಈ ಮಾತನ್ನು ಒಪ್ಪಲೇಬೇಕು.

ಈಗ ದುಡ್ಡು ಓಡುವ ದಾರಿಯನ್ನು ಸ್ವಲ್ಪ ನೋಡೋಣ, ಏಕೆಂದರೆ ಗೊಂದಲವೆಲ್ಲ ಅಲ್ಲೇ ಇದೆ. ಇಲಾಖೆ ತನ್ನ ಪಟ್ಟಿಯನ್ನು ತಯಾರಿಸುತ್ತದೆ: ಆಧಾರ್ ಸಂಖ್ಯೆ ಇಷ್ಟು, ಮೊತ್ತ ಇಷ್ಟು. ಅದರಲ್ಲಿ ಖಾತೆ ಸಂಖ್ಯೆ ಇರುವುದಿಲ್ಲ. ಪಟ್ಟಿ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಅಂದರೆ ಎನ್‌ಪಿಸಿಐಗೆ ಹೋಗುತ್ತದೆ. ಅಲ್ಲೊಂದು ದೊಡ್ಡ ಕೋಷ್ಟಕವಿದೆ. ಯಾವ ಆಧಾರ್ ಯಾವ ಬ್ಯಾಂಕಿನದು ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಹಣ ಆ ಬ್ಯಾಂಕಿಗೆ ಹೋಗುತ್ತದೆ, ಖಾತೆ ಯಾವುದೆಂದು ಬ್ಯಾಂಕು ಹುಡುಕಿ ಜಮೆ ಮಾಡುತ್ತದೆ. ಒಂದು ಆಧಾರಿಗೆ ಒಂದೇ ಬ್ಯಾಂಕು, ಅದೂ ಕೊನೆಯಲ್ಲಿ ಜೋಡಿಸಿದ್ದು. ನೀವು ಮೂರು ಬ್ಯಾಂಕಿನಲ್ಲಿ ಖಾತೆ ಇಟ್ಟು ಮೂರಕ್ಕೂ ಆಧಾರ್ ಜೆರಾಕ್ಸ್ ಕೊಟ್ಟಿದ್ದರೂ ಕೋಷ್ಟಕದಲ್ಲಿ ಇರುವುದು ಒಂದೇ ಹೆಸರು. ಆ ಹೆಸರು ಯಾವುದೆಂದು ಖಾತೆದಾರರಿಗೆ ಬಹಳ ಸಲ ಗೊತ್ತಿರುವುದಿಲ್ಲ.

2017ರಲ್ಲಿ ಇದರ ದುರುಪಯೋಗ ದೊಡ್ಡ ಮಟ್ಟದಲ್ಲಿ ನಡೆಯಿತು. ಟೆಲಿಕಾಂ ಕಂಪನಿಯೊಂದು ಸಿಮ್ ಪರಿಶೀಲನೆಗೆಂದು ಬೆರಳಚ್ಚು ಪಡೆದು, ಗ್ರಾಹಕರಿಗೆ ತಿಳಿಯದಂತೆ ತನ್ನದೇ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದಿತ್ತು. ಕೋಷ್ಟಕದಲ್ಲಿ ಹೆಸರು ಬದಲಾಯಿತು. ಲಕ್ಷಾಂತರ ಮನೆಗಳ ಗ್ಯಾಸ್ ಸಬ್ಸಿಡಿ, ಒಟ್ಟು ನೂರು ಕೋಟಿಗೂ ಮೀರಿದ ಮೊತ್ತ, ಅವರು ಕಂಡು ಕೇಳರಿಯದ ಖಾತೆಗಳಿಗೆ ಹೋಗಿ ಕೂತಿತು. ಆಧಾರ್ ಪ್ರಾಧಿಕಾರ ಆ ಡಿಸೆಂಬರಿನಲ್ಲಿ ಕಂಪನಿಯ ಪರವಾನಗಿ ಅಮಾನತು ಮಾಡಿ, ಹಣ ವಾಪಸ್ ಕೊಡಿಸಿತು. ಕಳ್ಳತನವೆನ್ನಲು ಬಾರದ, ಸರಿಯೆನ್ನಲೂ ಬಾರದ ಹೊಸ ಬಗೆಯ ಸೋರಿಕೆ ಇದು. ಹಳೆಯ ಕಾಲದ ಪೋಸ್ಟ್‌ಮನ್ ಹತ್ತು ರೂಪಾಯಿ ಹಿಡಿದರೆ ಅಜ್ಜಿಗೆ ಕನಿಷ್ಠ ಯಾರು ಹಿಡಿದರೆಂದು ಗೊತ್ತಿರುತ್ತಿತ್ತು.

ನ್ಯಾಯಾಲಯದಲ್ಲಿ ಆಧಾರನ್ನು ಪ್ರಶ್ನಿಸಿದವರಲ್ಲಿ ಮೊದಲಿಗರೂ ಕನ್ನಡನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಎಂಬತ್ತು ದಾಟಿದ್ದರು. ಕಾನೂನಿನ ಬೆಂಬಲವಿಲ್ಲದೆ ಕೋಟ್ಯಂತರ ಜನರ ಬೆರಳಚ್ಚು ಸಂಗ್ರಹಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. 2013ರ ಸೆಪ್ಟೆಂಬರಿನಲ್ಲಿ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂದು ಮಧ್ಯಂತರ ಆದೇಶ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ನಾಲ್ಕು–ಒಂದರ ಬಹುಮತದಲ್ಲಿ ಆಧಾರ್ ಕಾಯ್ದೆಯನ್ನು ಉಳಿಸಿತು. ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು, ಆದರೆ ಬೆರಳಚ್ಚು ಹೊಂದಲಿಲ್ಲವೆಂದು ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಎಂಬುದು ಅದರ ಸಾರ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ತೀರ್ಪಿನ ಮೊದಲರ್ಧ ಎಲ್ಲ ಇಲಾಖೆಗಳಿಗೂ ತಲುಪಿದೆ, ಎರಡನೆಯ ಅರ್ಧ ಇನ್ನೂ ದಾರಿಯಲ್ಲಿದೆ.

ದಾರಿಯಲ್ಲಿದೆ ಎಂದದ್ದು ಏಕೆಂದರೆ, ಯಾವುದಾದರೂ ಹಳ್ಳಿಯ ಬಿಸಿ ಕೇಂದ್ರದ ಮುಂದೆ ಬೆಳಗ್ಗೆ ಒಂದು ಗಂಟೆ ಕೂತರೆ ಗೊತ್ತಾಗುತ್ತದೆ. ಕಿರಾಣಿ ಅಂಗಡಿಯ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪು, ಪಕ್ಕದಲ್ಲಿ ಕೆಂಪು ಬೆಳಕಿನ ಪುಟ್ಟ ಬೆರಳಚ್ಚು ಯಂತ್ರ. ಮೇಜಿನ ಮೇಲೆ ಒದ್ದೆ ಬಟ್ಟೆಯೊಂದು, ಅದು ಬೆರಳು ಒರೆಸಲು. ಅಡಿಕೆ ಸುಲಿದು ಸುಲಿದು, ಪಾತ್ರೆ ಬೆಳಗಿ ಬೆಳಗಿ, ಗಾರೆ ಕೆಲಸ ಮಾಡಿ ಗೆರೆ ಸವೆದ ಬೆರಳುಗಳು ಬರುತ್ತವೆ. ಹೆಬ್ಬೆರಳು ಹಿಡಿಯಲಿಲ್ಲ. ‘ತೋರುಬೆರಳು ಇಡು ಅಜ್ಜಿ. ಗಟ್ಟಿ ಒತ್ತಬೇಡ. ಈಗ ಎಡಗೈದು.’ ಒರೆಸಿ, ತಲೆಗೂದಲಿಗೆ ಸವರಿ ಸ್ವಲ್ಪ ಎಣ್ಣೆ ಪಸೆ ಮಾಡಿಸಿ, ಬಿಸಿ ಹುಡುಗ ಮತ್ತೆ ಇಡಿಸುತ್ತಾನೆ. ಒಮ್ಮೆ ಯಂತ್ರ ಒಪ್ಪಿದರೆ ಸರ್ವರ್ ಒಪ್ಪುವುದಿಲ್ಲ. ಕೊನೆಗೆ ‘ನಾಳೆ ಬಾ’ ಎನ್ನುತ್ತಾನೆ. ಇನ್ನೊಬ್ಬರಿಗೆ ಸಾವಿರದಿನ್ನೂರು ಬಂದಿದೆ, ಸಾವಿರದಿನ್ನೂರನ್ನೇ ಕೊಡುತ್ತಾನೆ. ಮತ್ತೊಂದು ಊರಿನ ಇನ್ನೊಬ್ಬ ಇಪ್ಪತ್ತು ಹಿಡಿದುಕೊಳ್ಳುತ್ತಾನೆ. ಬ್ಯಾಂಕು ಅವನಿಗೆ ಕೊಡುವ ಕಮಿಷನ್ ಅಂಗಡಿಯ ಕರೆಂಟ್ ಬಿಲ್ಲಿಗೂ ಸಾಲದು ಎಂಬುದು ಅವನ ಸಮರ್ಥನೆ. ಮಧ್ಯವರ್ತಿ ಹೋದನೆಂದು ಭಾಷಣ ಮಾಡುವವರು ಈ ಮೂಲೆಯನ್ನು ನೋಡಿಲ್ಲ. ಹೋಗಿಲ್ಲ ಎಂಬುದಕ್ಕೆ ನನಗೇನೂ ಬೇಸರವಿಲ್ಲ. ಬರೀ ಯಂತ್ರವಿದ್ದು ಆ ಹುಡುಗ ಇಲ್ಲದಿದ್ದರೆ ಅಜ್ಜಿಗೆ ದುಡ್ಡೇ ಸಿಗುತ್ತಿರಲಿಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2018ರ ಸೆಪ್ಟೆಂಬರಿನಲ್ಲಿ ಶುರುವಾದ ಮೇಲಂತೂ ಸಾಕ್ಷಾತ್ ಪೋಸ್ಟ್‌ಮನ್ನೇ ಬೆರಳಚ್ಚು ಯಂತ್ರ ಹಿಡಿದು ಜಗಲಿಗೆ ಮರಳಿದ್ದಾನೆ. ಸುತ್ತಿ ಬಳಸಿ ಇಲಾಖೆಗೆ ಅವನೇ ಬೇಕಾದ.

ಕರ್ನಾಟಕದಲ್ಲಿ ಈ ಕೊಳವೆಯಲ್ಲಿ ನೀರು ರಭಸವಾಗಿ ಹರಿದದ್ದು 2023ರಲ್ಲಿ. ಹೊಸ ಸರ್ಕಾರ ಅನ್ನಭಾಗ್ಯದಲ್ಲಿ ಹತ್ತು ಕಿಲೊ ಅಕ್ಕಿ ಕೊಡುವುದಾಗಿ ಹೇಳಿತ್ತು. ಕೇಂದ್ರದ ಆಹಾರ ನಿಗಮ ಹೆಚ್ಚುವರಿ ಅಕ್ಕಿ ಮಾರಲಿಲ್ಲ. ಹಾಗಾಗಿ ಜುಲೈ 10ರಿಂದ ಐದು ಕಿಲೊ ಅಕ್ಕಿಯ ಬದಲು ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಅಕ್ಕಿಯೇ ಬೇಕಿತ್ತು ಎಂದವರು ಬಹಳ. 2025ರ ಫೆಬ್ರವರಿಯಲ್ಲಿ ಕೇಂದ್ರದಿಂದ ಕಿಲೊಗೆ 22 ರೂಪಾಯಿ 50 ಪೈಸೆಗೆ ಅಕ್ಕಿ ಸಿಗುವಂತಾದಾಗ ರಾಜ್ಯ ಹಣ ಬಿಟ್ಟು ಅಕ್ಕಿಗೇ ಮರಳಿತು. ಗೃಹಲಕ್ಷ್ಮಿಯ ಕಥೆ ಇದಕ್ಕಿಂತ ದೊಡ್ಡದು. 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಚಾಲನೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ನೋಂದಾಯಿಸಿದವರು ಒಂದು ಕೋಟಿಗೂ ಮೇಲೆ. ಆ ಮಳೆಗಾಲದಲ್ಲಿ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳ ಮುಂದೆ ಸಾಲು ಕರಗಲೇ ಇಲ್ಲ. ಹಳ್ಳಿಯ ಹೆಂಗಸರ ಬಾಯಲ್ಲಿ ‘ಎನ್‌ಪಿಸಿಐ ಆಗಿಲ್ವಂತೆ’, ‘ಇಕೆವೈಸಿ ಮಾಡಿಸ್ಬೇಕಂತೆ’ ಎಂಬ ಮಾತುಗಳು ಬೇಳೆ ಬೆಲ್ಲದಷ್ಟು ಸಲೀಸಾದವು. ದುಡ್ಡಿನಿಂದ ಫ್ರಿಜ್ ಕೊಂಡವರಿದ್ದರು, ಮಕ್ಕಳ ಫೀಸು ಕಟ್ಟಿದವರಿದ್ದರು. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕೂಡಿಟ್ಟ ಹಣದಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿ ಸುದ್ದಿಯಾದರು. ಅರ್ಥಶಾಸ್ತ್ರಜ್ಞರ ಯಾವ ಕೋಷ್ಟಕದಲ್ಲೂ ಇಲ್ಲದ ಖರ್ಚಿನ ಬಾಬತ್ತು ಅದು.

ಖಾತೆಗೆ ಬಂದದ್ದೆಲ್ಲ ಕೈಗೆ ಬಂದಂತಲ್ಲ ಎಂದು ತೋರಿಸಿದ್ದು 2024ರ ಬರ ಪರಿಹಾರ. ಪಹಣಿ, ಬೆಳೆ, ಆಧಾರ್ ಎಲ್ಲ ಹೊಂದಿಸಿ ಕಂದಾಯ ಇಲಾಖೆ ರೈತರ ಖಾತೆಗೆ ನೇರ ಹಣ ಹಾಕಿತು. ಕೇಂದ್ರದ 3,454 ಕೋಟಿ ರೂಪಾಯಿಗಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಬಂದ ಮೇಲೆ ಸಿಕ್ಕ ಹಣ. ಬಂದ ಬೆನ್ನಲ್ಲೇ ಹಲವು ಕಡೆ ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಮುರಿದುಕೊಂಡವು. ಹಾಗೆ ಮಾಡಬೇಡಿ, ಮುರಿದುಕೊಂಡದ್ದನ್ನು ವಾಪಸ್ ಕೊಡಿ ಎಂದು ಸರ್ಕಾರ ತಾಕೀತು ಮಾಡಬೇಕಾಯಿತು. ಅದಕ್ಕೂ ಹಿಂದಿನ ವರ್ಷ, 2023ರಲ್ಲಿ, ಬೆರಳಚ್ಚಿಗೇ ಕನ್ನ ಬಿದ್ದಿತ್ತು. ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಪಾವತಿಯ ಮೂಲಕ ಹಣ ಎತ್ತಿದ ಪ್ರಕರಣಗಳು ಬೆಂಗಳೂರು, ಮಂಗಳೂರುಗಳಲ್ಲಿ ವರದಿಯಾದವು. ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ನೋಂದಣಿ ದಾಖಲೆಯಲ್ಲಿ ಬೆರಳಚ್ಚು ಮರೆಮಾಚುವ ಕೆಲಸವನ್ನು ಇಲಾಖೆ ಆಮೇಲೆ ಕೈಗೊಂಡಿತು. ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಸಲಹೆ ಕೊಟ್ಟರು. ನಗರದವರಿಗೆ ಸರಿ. ಬೆರಳಿಟ್ಟೇ ಪಿಂಚಣಿ ಪಡೆಯುವ ಅಜ್ಜಿ ಲಾಕ್ ಮಾಡಿದರೆ ಊಟಕ್ಕೇನು ಮಾಡಬೇಕು?

ಉದ್ಯೋಗ ಖಾತ್ರಿಯಲ್ಲೂ ಹಗ್ಗ ಬಿಗಿಯಾಗುತ್ತ ಹೋಯಿತು. 2024ರ ಜನವರಿ 1ರಿಂದ ಕೂಲಿಗೆ ಆಧಾರ್ ಆಧಾರಿತ ಪಾವತಿಯೇ ಕಡ್ಡಾಯವಾಯಿತು. ಹೆಸರಿನಲ್ಲಿ ಒಂದು ಒತ್ತಕ್ಷರ ವ್ಯತ್ಯಾಸವಾದರೂ, ಜಾಬ್ ಕಾರ್ಡಿನಲ್ಲಿ ‘ಲಕ್ಷ್ಮಮ್ಮ’, ಆಧಾರಿನಲ್ಲಿ ‘ಲಕ್ಷಮ್ಮ’ ಎಂದಿದ್ದರೂ, ಕಂಪ್ಯೂಟರು ಇಬ್ಬರೆಂದು ತಿಳಿಯುತ್ತದೆ. ಪಂಚಾಯಿತಿಗೆ ಹೋದರೆ ಬ್ಯಾಂಕ್ ಕೇಳಿ ಎನ್ನುತ್ತಾರೆ, ಬ್ಯಾಂಕಿನವರು ಆಧಾರ್ ಸೆಂಟರ್ ತೋರಿಸುತ್ತಾರೆ, ಆಧಾರ್ ಸೆಂಟರಿನವರು ಇಲಾಖೆಯದೇ ತಪ್ಪೆನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ, ಮೂವರ ಪರದೆಯ ಮೇಲೂ ‘ಸರಿಯಿದೆ’ ಎಂದೇ ಇರುತ್ತದೆ. ಹಣವನ್ನು ದೆಹಲಿ, ಬೆಂಗಳೂರಿನಿಂದ ಹಳ್ಳಿಗೆ ಕ್ಷಣದಲ್ಲಿ ಇಳಿಸುವ ದಾರಿಯನ್ನು ನಾವು ಅದ್ಭುತವಾಗಿ ಕಟ್ಟಿದೆವು. ಹಣ ಬರಲಿಲ್ಲ ಎಂಬ ಮಾತು ಹಳ್ಳಿಯಿಂದ ಮೇಲೆ ಹೋಗಲು ದಾರಿ ಕಟ್ಟಲಿಲ್ಲ. ನಲವತ್ತು ವರ್ಷದ ಈ ಪ್ರಯತ್ನದ ಬಗ್ಗೆ ನನ್ನ ದೂರು ಇದೊಂದೇ, ಆದರೆ ಸಣ್ಣದಲ್ಲ.

ಆ ದಾರಿ ಆಗುವವರೆಗೆ ಓದುಬರಹ ಬಲ್ಲ ಮಕ್ಕಳು ಮೊಮ್ಮಕ್ಕಳೇ ಹಳೆಯ ಕಾಲದ ಸಾಕ್ಷಿಯ ಕೆಲಸ ಮಾಡಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಹಿರಿಯರ ಆಧಾರ್ ತೆಗೆದುಕೊಂಡು, ಪ್ರಾಧಿಕಾರದ ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ. ಯಾವ ಬ್ಯಾಂಕಿನ ಹೆಸರಿದೆ, ಚಾಲ್ತಿಯಲ್ಲಿದೆಯೇ ಎಂದು ಅಲ್ಲಿ ಕಾಣುತ್ತದೆ. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ಯೋಜನೆಯ ಹಣ ಯಾವ ತಾರೀಖು ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಬಂದಿಲ್ಲವಾದರೆ ಬಾಯಿಮಾತಿನಲ್ಲಿ ಬಿಡಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಖು ಹಾಕಿಸಿಕೊಂಡೇ ಬನ್ನಿ.